ಸೀಲು ಸಾರ್‌ಗೆ ಮೂವತ್ತೊಂದು ಬೋಕಿ

ಮನುಷ್ಯರು ಸಾಮಾನ್ಯವಾಗಿ ಸುಳ್ಳು ಹೇಳುವುದು ಲಾಭಕ್ಕೋ ಭಯಕ್ಕೋ. ಸೀಲು ಸಾರ್ ಹೇಳಿದ್ದು ಟೀ ಆರಿಹೋಗುತ್ತದೆ ಎಂಬ ಕಾರಣಕ್ಕೆ.

ಆ ದಿನ ಸ್ಟಾಫ್ ರೂಮಿನ ಮೀಟಿಂಗು ಮುಗಿಯುವ ಲಕ್ಷಣವೇ ಇರಲಿಲ್ಲ. ಸಾಹಿತ್ಯ ಪಾಠ ಮಾಡುವ ಮೇಡಂ ಹೆರಿಗೆ ರಜೆಗೆ ಹೋಗಿದ್ದರು. ಹೋಗುವ ಮುಂಚೆ ಸುಮ್ಮನೆ ಹೋಗದೆ, ಇಲಾಖೆಗೆ ಬರೆದು ಹೊಸ ಯೋಜನೆಯೊಂದನ್ನು ಮಂಜೂರು ಮಾಡಿಸಿಕೊಂಡಿದ್ದರು. ಪುರಾಣ ಕಥೆಗಳ ಮೇಲೆ ಹೆಣೆದ ಒಂದು ಕಾದಂಬರಿಯನ್ನು ಆರನೇ ಕ್ಲಾಸಿನ ಮಕ್ಕಳ ಜೊತೆ ಓದುವುದು, ಅದರ ನೆಪದಲ್ಲಿ ಅವರಿಗೆ ಸಾಹಿತ್ಯವನ್ನೂ ಪ್ರಾಚೀನ ಗ್ರೀಕರ ಸಂಸ್ಕೃತಿಯನ್ನೂ ಒಟ್ಟಿಗೆ ಕಲಿಸುವುದು. ‘ಮುನಿದ ಗಾಳಿಗಳ ದ್ವೀಪ’ ಎಂಬ ಆ ಕಾದಂಬರಿಯ ಮೂವತ್ತೆರಡು ಪ್ರತಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಂದು ಮೇಜಿನ ಮೇಲೆ ಕೂತಿದ್ದವು. ಕಲಿಸುವವರು ಯಾರು ಎಂಬುದಷ್ಟೇ ಪ್ರಶ್ನೆ. ಗ್ರೀಕರು ತ್ರಿಕೋನಗಳ ಮೂಲಕ ತಮಗೆ ಕೊಟ್ಟಿರುವ ಕಾಟವೇ ಸಾಕು ಎಂದು ಗಣಿತದ ಮೇಷ್ಟ್ರು ಕೈ ಮುಗಿದರು. ವಿಜ್ಞಾನದ ಮೇಡಂ ಕಿಟಕಿಯಾಚೆ ಏನೋ ಮಹತ್ವದ್ದನ್ನು ನೋಡತೊಡಗಿದರು. ಇಪ್ಪತ್ತು ನಿಮಿಷ ಕಳೆಯಿತು. ಟೀ ಮೇಲೆ ಕೆನೆ ಕಟ್ಟಿತು.

"ನಾನು ಮಾಡ್ತೀನಿ ಬಿಡಿ ಮೇಡಂ. ಗ್ರೀಕರು ನನಗೆ ಅಂಗೈ ನೆಲ್ಲಿಕಾಯಿ ಇದ್ದ ಹಾಗೆ," ಎಂದು ಮೂಲೆಯಿಂದ ಒಂದು ದನಿ ಬಂತು.

ಎಲ್ಲರೂ ತಿರುಗಿ ನೋಡಿದರು. ದನಿಯ ಒಡೆಯರೂ ಒಂದು ಸಲ ಹಿಂದೆ ತಿರುಗಿ ನೋಡಿದರು. ಅಲ್ಲಿ ಗೋಡೆ ಇತ್ತು.

ಅವರು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಪುಸ್ತಕದ ಮೊದಲ ಪುಟ, ಹದಿನೇಳನೇ ಪುಟ ಮತ್ತು ಕೊನೆಯ ಪುಟಕ್ಕೆ ದುಂಡನೆಯ ಸೀಲು ಒತ್ತುತ್ತಾ ಬಂದವರು. ಅಭ್ಯಾಸಬಲದಿಂದ ಒಮ್ಮೆ ಹೆಡ್ ಮೇಡಂ ಅವರ ರಜಾ ಅರ್ಜಿಗೂ, ಇನ್ನೊಮ್ಮೆ ಪುಸ್ತಕ ಹಿಂದಿರುಗಿಸಲು ಬಂದ ಹುಡುಗಿಯೊಬ್ಬಳ ಅಂಗೈಗೂ ಸೀಲು ಒತ್ತಿ, ಸೀಲು ಸಾರ್ ಎಂದೇ ಹೆಸರಾದರು. ಅಷ್ಟು ಪುಸ್ತಕಗಳ ನಡುವೆ ಬದುಕಿದ ಅವರು ಎಷ್ಟು ಪುಸ್ತಕ ಓದಿದ್ದರು ಎಂದು ಕೇಳಬಾರದು. ಹದಿನೇಳನೇ ಪುಟದವರೆಗೆ ಅವರಿಗೆ ಸಾವಿರಾರು ಪುಸ್ತಕಗಳ ಪರಿಚಯವಿತ್ತು.

ಹೆಡ್ ಮೇಡಂ ಅನುಮಾನದಿಂದಲೇ ಒಪ್ಪಿದರು. "ನೋಡಿ ಸಾರ್, ಈ ಯೋಜನೆ ನೋಡೋಕೆ ವಿದ್ಯಾಧಿಕಾರಿ ಸಾಹೇಬರು ಬರ್ತಾರೆ. ಅವರಿಗೆ ಸರಿ ಅನ್ನಿಸಿದ್ರೆ ವರ್ಷದ ಕೊನೆ ತನಕ ಕ್ಲಾಸು ನಿಮ್ಮದೇ. ಇಲ್ಲಾಂದ್ರೆ ತರಬೇತಿ ಆದವರನ್ನ ಕಳಿಸ್ತಾರೆ."

"ಕಳಿಸ್ಲಿ ಮೇಡಂ," ಎಂದು ಸೀಲು ಸಾರ್ ಧಾರಾಳವಾಗಿ ಹೇಳಿ ಟೀ ಕುಡಿದರು. ಆಗ ಅವರಿಗೆ ಆ ಕ್ಲಾಸು ಬೇಕಿರಲಿಲ್ಲ. ಬೇಕಾದದ್ದು ಆಮೇಲೆ.

ಅವರ ಬೋಧನಾ ಪದ್ಧತಿ ಸರಳವಾಗಿತ್ತು. ದಿನಾ ಬೆಳಿಗ್ಗೆ ಹಾಲಿನ ಕ್ಯೂನಲ್ಲಿ ನಿಂತು ಒಂದು ಅಧ್ಯಾಯ ಓದುವುದು, ಮಧ್ಯಾಹ್ನ ಅದನ್ನೇ ಕ್ಲಾಸಿನಲ್ಲಿ ಓದಿ ಹೇಳುವುದು. ಅಂದರೆ ಅವರು ಮಕ್ಕಳಿಗಿಂತ ಬರೋಬ್ಬರಿ ಒಂದು ಅಧ್ಯಾಯ ಮುಂದಿದ್ದರು, ಅರ್ಧ ಸಾಲು ಕೂಡ ಹೆಚ್ಚಿಲ್ಲ. "ಮುಂದೇನಾಗುತ್ತೆ ಸಾರ್?" ಎಂದು ಮಕ್ಕಳು ಕೇಳಿದರೆ ಕಣ್ಣು ಕಿರಿದು ಮಾಡಿ ಮುಗುಳ್ನಗುತ್ತಿದ್ದರು. ಆ ನಗೆಯ ಹಿಂದೆ ಏನೂ ಇರಲಿಲ್ಲ. ಮಕ್ಕಳು ಮಾತ್ರ ಅದನ್ನು ಸಮುದ್ರದಷ್ಟು ಆಳದ ನಗೆ ಎಂದು ತಿಳಿದರು. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಸೀಲು ಸಾರ್‌ಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ ಎಂಬ ಮಾತು ಐದನೇ ಕ್ಲಾಸಿನವರೆಗೂ ಹಬ್ಬಿತು.

ಕಥೆಯಾದರೂ ಎಂಥದು! ಸಮುದ್ರದ ದಂಡೆಯ ಒಂದು ಗ್ರೀಕ್ ಪಟ್ಟಣ. ಊರಿನವರ ಮೇಲೆ ಮುನಿಸಿಕೊಂಡು ಗಾಳಿಗಳೆಲ್ಲ ಎಲ್ಲೋ ದ್ವೀಪಕ್ಕೆ ಹೊರಟುಹೋಗಿವೆ. ಹಡಗುಗಳ ಪಟ ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿವೆ. ಆ ಊರಿನ ಒಬ್ಬ ಕುಂಬಾರ, ಅವನ ಮಗಳು. ಮಧ್ಯೆ ಮಧ್ಯೆ ಸಿಡಿಲಿನ ದೇವರು, ಕಡಲಿನ ದೇವರು, ಮುಖವಾಡ ಹಾಕಿ ನಾಟಕ ಆಡುವವರು, ಹೊಗೆಯ ನಡುವೆ ಕೂತು ಕಣಿ ಹೇಳುವ ಮುದುಕಿ. ಓದುತ್ತಾ ಓದುತ್ತಾ ಸೀಲು ಸಾರ್ ಮೈಮರೆಯುತ್ತಿದ್ದರು. ಜೀವಮಾನದಲ್ಲಿ ಬಸ್ಸಿನ ಕೊನೆಯ ನಿಲ್ದಾಣದಿಂದಾಚೆ ಹೋಗದ ಮನುಷ್ಯ, ಅಲೆಗಳ ವರ್ಣನೆ ಬಂದಾಗ ಮೇಜು ಹಿಡಿದುಕೊಂಡು ತೂಗಾಡುತ್ತಿದ್ದರು. "ಸಾರ್, ನೀವು ಸಮುದ್ರ ನೋಡಿದೀರಾ?" ಎಂದು ಒಂದು ದಿನ ಮಕ್ಕಳು ಕೇಳಿದಾಗ, ಆ ಒಂದು ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ ಕಣ್ರೋ. ಆಗ್ಲೇ ಇಲ್ಲ," ಎಂದರು.

ಹತ್ತೊಂಬತ್ತು ವರ್ಷ ಅವರ ಬಳಿ ಮಕ್ಕಳು ಬಂದದ್ದು ತಡವಾದ ಪುಸ್ತಕ ಹಿಂದಿರುಗಿಸಲು, ಅದೂ ತಲೆ ತಗ್ಗಿಸಿಕೊಂಡು. ಈಗ ಕಾರಿಡಾರಿನಲ್ಲಿ ಕಂಡರೆ ಓಡಿಬಂದು ಕೈ ಹಿಡಿಯುತ್ತಿದ್ದರು. ಕಿಟಕಿ ಪಕ್ಕ ಕೂರುವ ಒಂದು ಹುಡುಗಿಯಂತೂ ಶಾಲೆಗೆ ಸೇರಿದಾಗಿನಿಂದ ತಾನಾಗಿ ಬಾಯಿ ಬಿಟ್ಟವಳಲ್ಲ. ಎಲ್ಲರೂ ಅವಳನ್ನು ಕಿಟಕಿ ಎಂದೇ ಕರೆಯುತ್ತಿದ್ದರು. ಅವಳು ಐದನೇ ಅಧ್ಯಾಯದ ದಿನ ಕೈ ಎತ್ತಿ, "ಸಾರ್, ಗಾಳಿಗಳಿಗೆ ಊರಿನ ನೆನಪು ಬರಲ್ವಾ?" ಎಂದು ಕೇಳಿದಳು. ಆ ದಿನ ಸೀಲು ಸಾರ್ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋದರು. ಈ ಕ್ಲಾಸನ್ನು ಯಾರಾದರೂ ತಮ್ಮಿಂದ ಕಿತ್ತುಕೊಂಡರೆ ತಡೆದುಕೊಳ್ಳಲಾರೆ ಎಂದು ಅವರಿಗೆ ಅವತ್ತೇ ತಿಳಿಯಿತು.

ಸೋಮವಾರ ಎಂಟನೇ ಅಧ್ಯಾಯ. ಪಟ್ಟಣದ ಜನ ಚೌಕದಲ್ಲಿ ಸೇರಿ ಓಟು ಹಾಕುತ್ತಾರೆ. ಆ ಕಾಲದ ಗ್ರೀಕರಲ್ಲಿ ಇದ್ದ ಪದ್ಧತಿ ಅದು. ಒಡೆದ ಮಡಕೆಯ ಚೂರಿನ ಮೇಲೆ, ಅಂದರೆ ಬೋಕಿಯ ಮೇಲೆ, ಒಬ್ಬರ ಹೆಸರು ಗೀಚಿ ಹಾಕಬೇಕು. ಯಾರ ಹೆಸರಿನ ಬೋಕಿ ಹೆಚ್ಚು ಬೀಳುತ್ತದೋ ಅವರು ಹತ್ತು ದಿನದೊಳಗೆ ಊರು ಬಿಡಬೇಕು, ಹತ್ತು ವರ್ಷ ತಿರುಗಿ ಬರುವಂತಿಲ್ಲ.

"ಯಾಕೆ ಸಾರ್? ಏನು ತಪ್ಪು ಮಾಡಿರ್ತಾರೆ?" ಎಂದ ಮುಂದಿನ ಬೆಂಚಿನ ರೇಡಿಯೋ. ಇವನು ಸೀಲು ಸಾರ್ ಅವರ ಪಕ್ಕದ ಮನೆಯ ಹುಡುಗ. ಬೆಳಿಗ್ಗೆ ಶುರುವಾದರೆ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮನೆಯವರಿಗೂ ಗೊತ್ತಿರಲಿಲ್ಲ.

"ತಪ್ಪೇ ಇರಬೇಕು ಅಂತಿಲ್ಲ. ಕಾರಣ ಹೇಳೋ ಹಾಗಿಲ್ಲ, ಕೇಳೋ ಹಾಗೂ ಇಲ್ಲ. ಅದು ಪ್ರಜಾಪ್ರಭುತ್ವ," ಎಂದು ಸೀಲು ಸಾರ್ ಬೆರಳೆತ್ತಿ ಹೇಳಿದರು. "ಆದ್ರೆ ಹೆಣ್ಣುಮಕ್ಕಳಿಗೆ ಓಟು ಇರ್ಲಿಲ್ಲ."

ಹದಿನೇಳು ಹುಡುಗಿಯರು ಒಟ್ಟಿಗೆ ನೋಡಿದ ನೋಟಕ್ಕೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಆವಾಗ ಇರ್ಲಿಲ್ಲ. ಈ ಕ್ಲಾಸಲ್ಲಿ ಇದೆ," ಎಂದು ಗ್ರೀಕರ ಸಂವಿಧಾನವನ್ನು ನಿಂತ ನಿಲುವಿನಲ್ಲೇ ತಿದ್ದುಪಡಿ ಮಾಡಿ ಮುಂದೆ ಓದಿದರು. ಬೋಕಿಗಳ ಎಣಿಕೆ ಆಗುತ್ತದೆ. ಕುಂಬಾರನ ಮಗಳು ಗುಂಪಿನ ನಡುವೆ ನುಗ್ಗಿ ನೋಡುತ್ತಾಳೆ. ರಾಶಿಯಲ್ಲಿ ಇರುವುದೆಲ್ಲ ಅವಳ ಅಪ್ಪನ ಹೆಸರು. ಅಲ್ಲಿಗೆ ಅಧ್ಯಾಯ ಮುಗಿಯಿತು, ಬೆಲ್ಲೂ ಹೊಡೆಯಿತು.

ಅದೇ ಹೊತ್ತಿಗೆ ಹೆಡ್ ಮೇಡಂ ಬಾಗಿಲಲ್ಲಿ ತಲೆ ಹಾಕಿ, ನಾಳೆಯಿಂದ ಮೂರು ದಿನ ಲೈಬ್ರರಿ ಪುಸ್ತಕಗಳ ತಪಾಸಣೆ, ಕಾದಂಬರಿ ಕ್ಲಾಸಿಲ್ಲ, ಶುಕ್ರವಾರ ಸಾಹೇಬರು ಬರುತ್ತಾರೆ ಎಂದು ಸಾರಿ ಹೋದರು. ಮೂವತ್ತೆರಡು ಗಂಟಲಿನಿಂದ ಒಂದೇ "ಅಯ್ಯೋ!" ಹೊರಟಿತು.

"ಸಾರ್, ಪುಸ್ತಕ ಮನೆಗೆ ಕೊಡಿ ಸಾರ್!"

ಸೀಲು ಸಾರ್ ಹತ್ತೊಂಬತ್ತು ವರ್ಷದಲ್ಲಿ ಒಂದೇ ದಿನ ಮೂವತ್ತೆರಡು ಪುಸ್ತಕ ಹೊರಗೆ ಕೊಟ್ಟವರಲ್ಲ. ಒಂದು ಪುಸ್ತಕ ಹೊರಗೆ ಹೋದರೆ ಮಗಳನ್ನು ದೂರದ ಊರಿಗೆ ಕೊಟ್ಟಷ್ಟು ಸಂಕಟಪಡುವ ಜೀವ ಅದು. ಆದರೆ ಓದಲು ಪುಸ್ತಕ ಬೇಕು ಎಂದು ಮಕ್ಕಳು ಅಳುವ ಮುಖ ಮಾಡಿ ನಿಂತದ್ದನ್ನೂ ಅವರು ಹಿಂದೆಂದೂ ನೋಡಿರಲಿಲ್ಲ. ಕೊಟ್ಟರು. ಸಾಲಿನ ಕೊನೆಯಲ್ಲಿ ಕಿಟಕಿ ನಿಂತಿದ್ದಳು. ಆಗ ಪೆಟ್ಟಿಗೆ ಖಾಲಿ. ಉಳಿದದ್ದು ಸೀಲು ಸಾರ್ ಓದುತ್ತಿದ್ದ ಪ್ರತಿಯೊಂದೇ. ಅದನ್ನೂ ಅವಳ ಕೈಗಿಟ್ಟು ಕಳಿಸಿದರು. ನಾಳೆ ಬೆಳಿಗ್ಗೆ ಹಾಲಿನ ಕ್ಯೂನಲ್ಲಿ ತಾವು ಓದುವುದೇನು ಎಂಬುದು ಅವರಿಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಬುಧವಾರ ಸಂಜೆ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು, ಅಂದರೆ ರೇಡಿಯೋನ ತಾತ, ಗೇಟಿನ ಹತ್ತಿರ ಬಂದು ನಿಂತರು.

"ಮೇಷ್ಟ್ರೇ, ನಿಮ್ಮ ಗ್ರೀಕರು ನಮ್ಮನೆ ಹೂಕುಂಡ ಒಡೆದ್ರು."

"ಗ್ರೀಕರಾ?"

"ಒಡೆದೋನು ನನ್ನ ಮೊಮ್ಮಗನೇ. ಆದ್ರೆ ಕೈತಪ್ಪಿ ಅಲ್ಲ. ಚಾಪೆ ಹಾಸಿ, ಮೇಲೆ ಟವೆಲ್ ಹೊದಿಸಿ, ಸುತ್ತಿಗೆ ತಗೊಂಡು ನಾಜೂಕಾಗಿ ಒಡೆದ. ಓಡ್ಲಿಲ್ಲ, ಅಳ್ಲಿಲ್ಲ, ಸುಳ್ಳು ಹೇಳ್ಲಿಲ್ಲ. ಏನೋ ಇದು ಅಂದ್ರೆ ‘ಪ್ರಜಾಪ್ರಭುತ್ವ ತಾತಾ’ ಅಂದ. ನಲವತ್ತು ವರ್ಷ ಸರ್ಕಾರಿ ಕೆಲಸ ಮಾಡಿದೋನು ನಾನು. ಆ ಮಾತಿಗೆ ಎದುರು ಏನು ಹೇಳ್ಲಿ, ಹೇಳಿ."

ಸೀಲು ಸಾರ್ ಗಂಭೀರವಾಗಿ ತಲೆಯಾಡಿಸಿದರು. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಪಾಠ ಮಕ್ಕಳ ಮನಸ್ಸಿಗೆ ಇಳಿದಿದೆ, ಮನೆಯಲ್ಲಿ ಕೂತು ಗ್ರೀಕರ ಕುಶಲಕಲೆ ಅಭ್ಯಾಸ ಮಾಡುತ್ತಿದ್ದಾರೆ ಎಂದುಕೊಂಡರು. ರಸ್ತೆ ತಿರುವಿನ ಕುಂಬಾರ ಅಂಗಡಿ ಮುಂದೆ ನಿಂತು ಬೆರಗಾಗಿ ಹೇಳುತ್ತಿದ್ದ: "ಏನು ಕಾಲ ಬಂತು ಸಾರ್! ಎಂಟು ಮಕ್ಕಳು ಬಂದಿದ್ರು. ಗಟ್ಟಿ ಮಡಕೆ ತೋರಿಸಿದ್ರೆ ಮೂಗು ಮುರೀತಾರೆ. ಒಡೆದಿರೋದೇ ಬೇಕಂತೆ. ಬಿರುಕು ಬಿಟ್ಟಿದೆ ಅಂದ್ರೆ ಒಂದು ಮಗು, ‘ಇನ್ನೂ ಪೂರ್ತಿ ಒಡೆದಿಲ್ಲ, ಬೇಡ’ ಅಂತ ವಾಪಸ್ ಕೊಡ್ತು!" ಬುಧವಾರದ ಹೊತ್ತಿಗೆ ಮೂರು ಮನೆಗಳ ಉಪ್ಪಿನ ಜಾಡಿ, ಒಂದು ಮನೆಯ ಹೂಜಿ ಹೋಗಿದ್ದವು. ಗುರುವಾರ ಬೆಳಿಗ್ಗೆ ಹೆಡ್ ಮೇಡಂ ತಮ್ಮ ಕೋಣೆಯ ಮುಂದೆ ಬಂದು ನೋಡಿದರೆ, ಅವರ ಮುದ್ದಿನ ಗುಲಾಬಿ ಗಿಡ ಬಕೆಟ್ಟಿನಲ್ಲಿ ಕೂತಿತ್ತು. ಮಣ್ಣು ಅದುಮಿ, ನೀರು ಹಾಕಿ, ಒಂದು ಎಲೆಯೂ ಬಾಡದ ಹಾಗೆ ಇಟ್ಟಿದ್ದರು. ಕುಂಡ ಮಾತ್ರ ಇರಲಿಲ್ಲ.

ಗುರುವಾರ ಮಧ್ಯಾಹ್ನ ಮಕ್ಕಳೆಲ್ಲ ಮೈದಾನದಲ್ಲಿದ್ದಾಗ ಸೀಲು ಸಾರ್ ಪುಸ್ತಕದ ಪಟ್ಟಿ ಹುಡುಕಿಕೊಂಡು ಆರನೇ ಕ್ಲಾಸಿಗೆ ಹೋದರು. ಮೇಜಿನ ಕೆಳಗೆ ಒಂದು ತಗಡಿನ ಡಬ್ಬ. ಅದರ ಮೇಲೆ ಕಾಗದ ಅಂಟಿಸಿ ‘ಊರಿನ ತೀರ್ಮಾನ’ ಎಂದು ಬರೆದಿತ್ತು. ಒಳಗೆ ಬೋಕಿಗಳು.

"ಅರೆ! ಓಟೇ ಹಾಕಿಬಿಟ್ಟಿದ್ದಾರೆ!" ಎಂದು ಖುಷಿಯಿಂದ ಒಂದನ್ನು ಎತ್ತಿದರು. ಹೂಕುಂಡದ ಚೂರು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಸೀಲು ಸಾರ್’ ಎಂದಿತ್ತು.

ನಕ್ಕರು. ತುಂಟ ಮಕ್ಕಳು ಎಂದುಕೊಂಡರು. ಇನ್ನೊಂದು ಎತ್ತಿದರು. ಸೀಲು ಸಾರ್. ಮೂರನೆಯದು ಉಪ್ಪಿನ ಜಾಡಿಯದು, ಅಕ್ಷರ ದುಂಡಗಿದ್ದವು. ಸೀಲು ಸಾರ್. ಹತ್ತರ ಹೊತ್ತಿಗೆ ನಗು ನಿಂತಿತ್ತು. ಇಪ್ಪತ್ತರ ಹೊತ್ತಿಗೆ ಅವರು ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂತಿದ್ದರು. ಗುಲಾಬಿ ಕುಂಡದ ದೊಡ್ಡ ಚೂರಿನ ಮೇಲೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಸಣ್ಣ, ಅಂಜುಬುರುಕ ಅಕ್ಷರದಲ್ಲಿ, ಕಿಟಕಿ ಕೂಡ ಅವರ ಹೆಸರೇ ಬರೆದಿದ್ದಳು. ಆಗ ಅವರಿಗೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಒಟ್ಟು ಮೂವತ್ತೆರಡು ಬೋಕಿ. ಮೂವತ್ತೊಂದರಲ್ಲಿ ಸೀಲು ಸಾರ್. ಒಂದರಲ್ಲಿ ಮಾತ್ರ ‘ನನ್ನ ತಮ್ಮ’ ಎಂದಿತ್ತು.

ಅದನ್ನು ಅವರು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಈ ಕ್ಲಾಸಿನಲ್ಲಿ ಒಂದೇ ಒಂದು ಮಗು ತನ್ನ ಒಡಹುಟ್ಟಿದ ತಮ್ಮನನ್ನಾದರೂ ಹತ್ತು ವರ್ಷ ಊರಾಚೆ ಕಳಿಸೀತು, ಸೀಲು ಸಾರ್ ಅವರನ್ನು ಕಳಿಸಲಾರದು. ಒಬ್ಬ ಮನುಷ್ಯನ ಇಷ್ಟು ದಿನದ ದುಡಿಮೆಗೆ ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು, ಆ ಬೋಕಿಯನ್ನು ಅಂಗಿಯ ಎದೆಯ ಜೇಬಿಗೆ ಹಾಕಿಕೊಂಡು ಎದ್ದರು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಗಂಡ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುವುದನ್ನು ನೋಡಿ ನೋಡಿ, "ಏನಾಯ್ತು ರೀ?" ಎಂದರು.

"ನನ್ನನ್ನ ಊರು ಬಿಡಿಸಿದ್ದಾರೆ."

"ಯಾರು?"

"ಆರನೇ ಕ್ಲಾಸು. ಹತ್ತು ವರ್ಷ."

ಹೆಂಡತಿ ದಾರ ಪೋಣಿಸುವುದನ್ನು ಮುಗಿಸಿಯೇ ಮಾತಾಡಿದರು. "ಹತ್ತು ವರ್ಷ! ಮೂರು ಸ್ಟಾಪ್ ಆಚೆ ಇರೋ ನಮ್ಮಕ್ಕನ ಮನೆಗೆ ಹೋದ್ರೆ, ದಿಂಬು ಸರಿ ಇಲ್ಲ ಅಂತ ಎರಡನೇ ದಿನಕ್ಕೇ ವಾಪಸ್ ಬರ್ತೀರಿ. ಹತ್ತು ವರ್ಷ ಬೆಳಿಗ್ಗೆ ಹಾಲು ಯಾರು ತರ್ತಾರೆ?"

"ತಮಾಷೆ ಅಲ್ಲ ಕಣೇ. ಮೂವತ್ತೊಂದು ಓಟು. ನಾನಾಗೇ ಕ್ಲಾಸು ಬಿಡ್ತೀನಿ ಅಂತ ನಾಳೆ ಪತ್ರ ಕೊಡ್ತೀನಿ. ತರಬೇತಿ ಆದವರು ಬರ್ಲಿ."

"ಮಕ್ಕಳನ್ನ ಕೇಳಿದ್ರಾ, ಯಾಕೆ ಅಂತ?"

"ಆ ಕಾನೂನಲ್ಲಿ ಕಾರಣ ಕೇಳೋ ಹಾಗಿಲ್ಲ." ಎಂಟನೇ ಅಧ್ಯಾಯ ಅವರಿಗೆ ಕರತಲಾಮಲಕವಾಗಿತ್ತು.

"ಸರಿ. ಆ ಕಥೆಯಲ್ಲಿ ಕುಂಬಾರನ್ನ ಊರು ಬಿಡಿಸಿದ್ರು ಅಂತ ಮೊನ್ನೆ ಹೇಳಿದ್ರಲ್ಲ. ಅವನು ಆಮೇಲೆ ಏನು ಮಾಡಿದ?"

ಸೀಲು ಸಾರ್ ಗೋಡೆಯ ಕಡೆ ತಿರುಗಿದರು. "ಗೊತ್ತಿಲ್ಲ. ಪುಸ್ತಕ ಇಲ್ಲ. ಎಲ್ಲಾ ಮಕ್ಕಳಿಗೆ ಕೊಟ್ಟೆ."

ಹೆಂಡತಿ ಯಂತ್ರ ನಿಲ್ಲಿಸಿದರು. ಈ ಮನುಷ್ಯ ಮದುವೆಯಾದ ಹೊಸದರಲ್ಲಿ ಕೊಡೆ ಯಾರಿಗೋ ಕೊಟ್ಟು ತಾನು ನೆನೆದುಕೊಂಡು ಬರುತ್ತಿದ್ದದ್ದೂ ಹೀಗೆಯೇ. ಅವರಿಗೆ ನಗು ಬಂತು, ಕರುಳು ಚುರ್ ಎಂದಿತು. "ಊಟಕ್ಕೆ ಬನ್ನಿ. ಊರು ಬಿಡೋರು ಹೊಟ್ಟೆ ತುಂಬಿಸ್ಕೊಂಡು ಬಿಡ್ಲಿ," ಎಂದರು. ಸೀಲು ಸಾರ್ ಊಟ ಮಾಡಿ, ಪತ್ರ ಬರೆದರು. ‘ಮಾನ್ಯರೇ, ಪೌರರ ತೀರ್ಪಿಗೆ ತಲೆಬಾಗಿ’ ಎಂದು ಅದು ಶುರುವಾಗುತ್ತಿತ್ತು. ಕೊನೆಗೆ ಅಭ್ಯಾಸಬಲದಿಂದ ಸೀಲೂ ಒತ್ತಿದರು.

ಶುಕ್ರವಾರ ಹೆಡ್ ಮೇಡಂ ಆ ಪತ್ರ ಓದಿ ಮುಗಿಸುವ ಹೊತ್ತಿಗೆ ವಿದ್ಯಾಧಿಕಾರಿ ಸಾಹೇಬರು ಬಂದರು. ಅವರ ಹಿಂದೆಯೇ, ಒಡೆದ ಜಾಡಿಗಳ ಮುಚ್ಚಳ ಹಿಡಿದುಕೊಂಡು ಮೂವರು ತಾಯಂದಿರು, ಅವರ ಹಿಂದೆ ಪೋಸ್ಟ್ ಮಾಸ್ಟರು ಬಂದರು. ಸಾಹೇಬರು ಪತ್ರ ಓದಿದರು, ಮುಚ್ಚಳಗಳನ್ನು ನೋಡಿದರು, ಬಕೆಟ್ಟಿನಲ್ಲಿದ್ದ ಗುಲಾಬಿಯನ್ನು ನೋಡಿದರು. "ಪೌರರು ಎಲ್ಲಿದ್ದಾರೆ, ತೋರಿಸಿ," ಎಂದರು. ಇಡೀ ಮೆರವಣಿಗೆ ಆರನೇ ಕ್ಲಾಸಿಗೆ ಹೊರಟಿತು. ಕೊನೆಯಲ್ಲಿ ಸೀಲು ಸಾರ್ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಬಂದರು.

ಸಾಹೇಬರು ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಒಂದು ಫಾರಂ ಹರಡಿ, ಪೆನ್ನಿನ ಟೋಪಿ ತೆಗೆದರು. "ನಿಮ್ಮ ಮೇಷ್ಟ್ರನ್ನ ಊರು ಬಿಡಿಸೋಕೆ ಓಟು ಹಾಕಿದ್ದು ಯಾರು?"

ಮೂವತ್ತೊಂದು ಮಕ್ಕಳು ಎದ್ದು ನಿಂತರು. ಎಲ್ಲರ ಮುಖದಲ್ಲೂ ಬಹುಮಾನ ತೆಗೆದುಕೊಳ್ಳಲು ನಿಂತವರ ಕಳೆ. ತಾಯಂದಿರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮೇಷ್ಟ್ರು ಹೊಡೀತಾರಾ?"

"ಇಲ್ಲ ಸಾರ್!"

"ಪಾಠ ಸರಿಯಾಗಿ ಮಾಡಲ್ವಾ?"

"ಮಾಡ್ತಾರೆ ಸಾರ್!"

"ಮತ್ತೆ ಹತ್ತು ವರ್ಷ ಹೋಗ್ಲಿ ಅಂತ ಯಾಕೆ?"

"ಹತ್ತು ವರ್ಷ ಅಲ್ಲ ಸಾರ್, ಬರೀ ಹತ್ತು ದಿನ!" ಎಂದು ರೇಡಿಯೋ ಶುರುವಾದ. "ಹತ್ತು ವರ್ಷ ಅಂದ್ರೆ ನಮಗೆ ಇಪ್ಪತ್ತೊಂದು ವರ್ಷ ಆಗ್ಬಿಡುತ್ತೆ, ಸಾರ್ ವಾಪಸ್ ಬಂದ್ರೆ ನಾವೇ ಇರಲ್ಲ. ಅದಕ್ಕೆ ಚರ್ಚೆ ಮಾಡಿ ರಜೆಯಲ್ಲಿ ಹತ್ತು ದಿನ ಅಂತ ಮಾಡಿದ್ವಿ. ಒಬ್ಳು ಏಳು ದಿನ ಸಾಕು ಅಂದ್ಲು. ಆದ್ರೆ ದ್ವೀಪಕ್ಕೆ ಹೋಗೋಕೇ ಮೂರು ದಿನ ಬೇಕು ಸಾರ್, ಒಂಬತ್ತನೇ ಅಧ್ಯಾಯದಲ್ಲಿ ಇದೆ."

"ಒಂಬತ್ತನೇ ಅಧ್ಯಾಯದಲ್ಲಿ ಏನಿದೆ?"

"ಕಣಿ ಹೇಳೋ ಅಜ್ಜಿ ಹೇಳಿರ್ತಾಳಲ್ಲ ಸಾರ್! ಗಾಳಿಗಳನ್ನ ಕರ್ಕೊಂಡು ಬರೋಕೆ ಒಬ್ಬರನ್ನ ಕಳಿಸ್ಬೇಕು. ಅದಕ್ಕೇ ಓಟು. ಯಾರನ್ನ ಕಳಿಸ್ಬೇಕು ಅಂದ್ರೆ..." ರೇಡಿಯೋ ಇದ್ದಕ್ಕಿದ್ದಂತೆ ನಿಂತು ಹಿಂದೆ ನೋಡಿದ. "ಅದನ್ನ ಅವಳೇ ಹೇಳ್ಲಿ ಸಾರ್. ಅವಳಿಗೆ ಬಾಯಿಪಾಠ ಬರುತ್ತೆ."

ಕಿಟಕಿ ಬಾಯಿ ತೆರೆದಳು. ಮೊದಲು ಬೆಂಚಿಗೆ ಹೇಳಿದಳು, ಆಮೇಲೆ ದನಿ ಮೇಲೇರಿತು. "‘ಯಾರು ಹೋದರೆ ಊರಿಗೆ ಊರೇ ದಾರಿ ಕಾಯುತ್ತದೋ ಅವರನ್ನು ಕಳಿಸಿ. ಅವರು ಮಾತ್ರ ತಿರುಗಿ ಬರುತ್ತಾರೆ.’ ಅದಕ್ಕೆ ಎಲ್ಲರೂ ಕುಂಬಾರನ ಹೆಸರು ಬರೆದಿರ್ತಾರೆ ಸಾರ್. ಎಲ್ಲರಿಗೂ ಅವನು ಬೇಕಾಗಿರ್ತಾನೆ." ಒಂದು ಸಲ ಉಸಿರೆಳೆದುಕೊಂಡಳು. "ನಮ್ಮ ಸಾರ್ ಸಮುದ್ರ ನೋಡಿಲ್ಲ. ಅಲೆ ಬಂದಾಗ ಅವರ ದನಿ ಬೇರೆ ಆಗುತ್ತೆ. ಅದಕ್ಕೆ."

ಜಾಡಿಯ ಮುಚ್ಚಳ ಹಿಡಿದಿದ್ದ ಒಬ್ಬ ತಾಯಿ ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು. ಪೋಸ್ಟ್ ಮಾಸ್ಟರು ಮೊಮ್ಮಗನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಸೀಲು ಸಾರ್ ಗೋಡೆಗೆ ಒರಗಿದ್ದರು, ಗೋಡೆ ಇದ್ದದ್ದು ಒಳ್ಳೆಯದಾಯಿತು.

"ಮತ್ತೆ ಆ ಒಂದು ಓಟು ಯಾರದು? ತಮ್ಮನದು?" ಎಂದು ಅವರು ಕೇಳಿದರು.

ಕೂತೇ ಇದ್ದ ಒಂದು ಹುಡುಗಿ ಅಳುವ ಹಾಗೆ ಎದ್ದಳು. "ನಂದು ಸಾರ್. ನನ್ನ ತಮ್ಮ ಒಂಬತ್ತನೇ ಅಧ್ಯಾಯದ ಮೇಲೆ ಗಂಜಿ ಚೆಲ್ಲಿಬಿಟ್ಟ. ಓದೋಕಾಗ್ಲಿಲ್ಲ. ನನಗೆ ಎಂಟರವರೆಗೇ ಗೊತ್ತು." ಎಂಟರವರೆಗೇ ಗೊತ್ತಿರುವವರ ಕಷ್ಟ ಸೀಲು ಸಾರ್‌ಗೆ ಅರ್ಥವಾದಷ್ಟು ಆ ಕೋಣೆಯಲ್ಲಿ ಬೇರೆ ಯಾರಿಗೂ ಆಗಲಿಲ್ಲ.

ಸಾಹೇಬರ ಮುಖ ಅರಳಿತ್ತು. "ಭಲೇ ಮೇಷ್ಟ್ರೇ! ಈಗ ಗೊತ್ತಾಯ್ತು. ಎಂಟರಲ್ಲಿ ನಿಲ್ಲಿಸಿ, ಪುಸ್ತಕ ಮನೆಗೆ ಕೊಟ್ಟು, ತಾವಾಗೇ ಓದೋ ಹಾಗೆ ಮಾಡಿದ್ರಿ. ಈ ಪತ್ರಾನೂ ಪಾಠದ ಭಾಗ ತಾನೇ?"

"ಹೌದು ಸಾರ್, ಪಾಠದ ಭಾಗ!" ಎಂದು ಹೆಡ್ ಮೇಡಂ ತಟಕ್ಕನೆ ಹೇಳಿದರು. ಹೇಳಿ, ಸೀಲು ಸಾರ್ ಕಡೆ ನೋಡಿ ಹುಬ್ಬು ಹಾರಿಸಿದರು. ಹೌದು ಅನ್ರೀ ಎಂಬುದು ಅದರ ಅರ್ಥ.

ಹೌದು ಎಂದರೆ ಮುಗಿಯಿತು. ವರ್ಷದ ಕೊನೆಯವರೆಗೆ ಕ್ಲಾಸು ಅವರದೇ. ಕಣ್ಣು ಕಿರಿದು ಮಾಡಿ ಮುಗುಳ್ನಕ್ಕರೂ ಸಾಕಿತ್ತು, ಮಾತು ಕೂಡ ಬೇಕಿರಲಿಲ್ಲ. ಸೀಲು ಸಾರ್ ಮುಗುಳ್ನಗಲು ಪ್ರಯತ್ನಪಟ್ಟರು. ಎದುರಿಗೆ ಮೂವತ್ತೆರಡು ಮುಖಗಳು, ಅವರ ಪರವಾಗಿ ಹೆಮ್ಮೆಪಡುತ್ತಾ ನಿಂತಿದ್ದವು. ನಗು ಬರಲಿಲ್ಲ.

"ಅಲ್ಲ ಸ್ವಾಮಿ," ಎಂದರು. "ನಾನು ಒಂಬತ್ತನೇ ಅಧ್ಯಾಯ ಓದಿಲ್ಲ. ಮಕ್ಕಳು ನಿಜವಾಗ್ಲೂ ನನ್ನ ಬೇಡ ಅಂದ್ರು ಅಂದ್ಕೊಂಡೆ. ನನಗೆ ಗ್ರೀಕರು ಗೊತ್ತಿಲ್ಲ. ದಿನಾ ಬೆಳಿಗ್ಗೆ ಒಂದು ಅಧ್ಯಾಯ ಓದ್ಕೊಂಡು ಬಂದು ಹೇಳ್ತಿದ್ದೆ, ಅಷ್ಟೇ. ಮುಂದೇನಾಗುತ್ತೆ ಅಂತ ಮಕ್ಕಳು ಕೇಳಿದಾಗ ನನಗೂ ಗೊತ್ತಿರ್ತಿರ್ಲಿಲ್ಲ." ಆಮೇಲೆ ಮಕ್ಕಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಕಣ್ರೋ," ಎಂದರು.

ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತರು. ಸಾಹೇಬರ ಪೆನ್ನು ಫಾರಂನ ಕೊನೆಯ ಸಾಲಿಗೆ, ‘ತರಬೇತಿ ಪಡೆದ ಶಿಕ್ಷಕರು ಬೇಕೆ?’ ಎಂಬಲ್ಲಿಗೆ ಹೋಗಿ ನಿಂತಿತು.

ರೇಡಿಯೋ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕಿರುಚಿದ.

"ಅಯ್ಯೋ! ಸಾರ್ ಓದಿಲ್ವಂತ್ರೋ! ಒಂಬತ್ತು ಹೇಳ್ಬಿಟ್ವಲ್ರೋ!"

ಕ್ಲಾಸಿಗೆ ಕ್ಲಾಸೇ ಗುಲ್ಲೆದ್ದಿತು. ಸಾರ್‌ಗೆ ಎಂಥಾ ಅನ್ಯಾಯವಾಗಿಹೋಯಿತು ಎಂದು ಒಬ್ಬಳು ನಿಜವಾಗಿಯೂ ಅತ್ತಳು. ನೀನೇ ಮೊದಲು ಬಾಯಿಬಿಟ್ಟದ್ದು ಎಂದು ಹಿಂದಿನ ಬೆಂಚಿನವರು ರೇಡಿಯೋನ ಮೇಲೆ ಏರಿಹೋದರು. "ಹತ್ತನೇದು ಯಾರೂ ಹೇಳ್ಬೇಡಿ! ಹನ್ನೊಂದು ಅಂತೂ ಹೇಳ್ಲೇಬೇಡಿ!" ಎಂದು ಕಿಟಕಿ ಬೆಂಚಿನ ಮೇಲೆ ಹತ್ತಿ ಕೂಗಿದಳು. ಅವಳ ದನಿ ಅಷ್ಟು ದೊಡ್ಡದು ಎಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಮರುಕ್ಷಣ ಮೂವತ್ತೆರಡು ಮಕ್ಕಳೂ ಎರಡೂ ಕೈಗಳಿಂದ ತಂತಮ್ಮ ಬಾಯಿ ಮುಚ್ಚಿಕೊಂಡು ನಿಂತರು. ಆಗಿನ್ನೂ ಒಂಬತ್ತೂ ಓದದ ಹುಡುಗಿ ಕೂಡ ಸುರಕ್ಷತೆಗೆಂದು ಮುಚ್ಚಿಕೊಂಡಿದ್ದಳು.

ಮುಂದಿನ ಬೆಂಚಿನಿಂದ ಒಂದು ಕೈ ಪುಸ್ತಕವನ್ನು ಮುಂದೆ ತಳ್ಳಿತು. "ಓದಿ ಸಾರ್. ಈಗ್ಲೇ. ನಿಮ್ಮಷ್ಟಕ್ಕೆ ಓದ್ಕೊಳ್ಳಿ, ನಮಗೆ ಹೇಳ್ಬೇಡಿ. ನಾವು ಕಾಯ್ತೀವಿ."

ಸೀಲು ಸಾರ್ ಸಾಹೇಬರ ಕಡೆ ನೋಡಿದರು. ಆಮೇಲೆ ಮೇಜಿನ ತುದಿಯಲ್ಲಿ ಕೂತು ಒಂಬತ್ತನೇ ಅಧ್ಯಾಯ ತೆರೆದು ಓದಲು ಶುರುಮಾಡಿದರು. ಎರಡು ಪುಟ ಓದುವಷ್ಟರಲ್ಲಿ ಸಾಹೇಬರೂ ಹೆಡ್ ಮೇಡಮ್ಮೂ ಕ್ಲಾಸಿನಿಂದ ಮಾಯವಾದರು, ಅಂದರೆ ಸೀಲು ಸಾರ್ ಪಾಲಿಗೆ. ತುಟಿ ಅಲ್ಲಾಡುತ್ತಿದ್ದವು. ಒಂದು ಕಡೆ ಹುಬ್ಬು ಗಂಟಾಯಿತು, ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಇನ್ನೊಂದು ಕಡೆ ಫಕ್ಕನೆ ನಕ್ಕರು, ಮೂವತ್ತೊಂದು ಮಕ್ಕಳು ಬೆರಳುಗಳ ಸಂದಿಯಿಂದ ಕಿಸಕ್ಕೆಂದರು. ಒಂಬತ್ತು ಮುಗಿಯಿತು, ಹತ್ತು ಶುರುವಾಯಿತು. ಕುಂಬಾರನ ದೋಣಿ ದಡ ಬಿಟ್ಟಿತು. ಆ ಪುಟದಲ್ಲಿ ಏನಿದೆ ಎಂದು ಮಕ್ಕಳಿಗೆ ಗೊತ್ತಿತ್ತು. ಅವರು ಪುಸ್ತಕ ನೋಡುತ್ತಿರಲಿಲ್ಲ, ಸಾರ್ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಸಮುದ್ರ ಬಂದಾಗ ಇಡೀ ಕ್ಲಾಸು ಒಟ್ಟಿಗೆ ಉಸಿರೆಳೆದುಕೊಂಡಿತು.

ಸಾಹೇಬರು ಯಾವಾಗ ಕುರ್ಚಿ ಬಿಟ್ಟು ಎದ್ದು ಬಂದರೋ ಯಾರೂ ಗಮನಿಸಲಿಲ್ಲ. ಸೀಲು ಸಾರ್ ಹೆಗಲ ಹಿಂದೆ ನಿಂತು, ಕತ್ತು ಚಾಚಿ, ಅವರೂ ಓದುತ್ತಿದ್ದರು. ಫಾರಂ ಕೈಯಲ್ಲೇ ಇತ್ತು. ಕಣ್ಣನ್ನು ಪುಟದಿಂದ ಕೀಳದೆ, ಕೊನೆಯ ಸಾಲಿನ ಮುಂದೆ ಅಂದಾಜಿನಲ್ಲೇ ‘ಬೇಡ’ ಎಂದು ಗೀಚಿದರು. ಅಕ್ಷರ ಸೊಟ್ಟಗೆ ಅಂಚಿನವರೆಗೂ ಹೋಯಿತು. ಆಮೇಲೆ ಕೈ ಮುಂದೆ ಚಾಚಿ ಹಾಳೆ ಮಗುಚಿದರು.

"ತಾಳಿ ಸ್ವಾಮಿ," ಎಂದು ಸೀಲು ಸಾರ್ ತಲೆ ಎತ್ತದೆ ಹೇಳಿ, ಹಾಳೆಯನ್ನು ವಾಪಸ್ ಮಗುಚಿದರು. "ನಾನಿನ್ನೂ ಕೊನೇ ಸಾಲಲ್ಲಿದೀನಿ."